ಹುಳು ಕೊರೆಯದ ಹಾಳೆ

ಹಳೆಯ ಹಾಳೆಯ ಕೆಳಗೆ ಇಷ್ಟು ವರ್ಷ ಕೈಬರಹದ ನಕಲಿನಲ್ಲಷ್ಟೇ ಓದಿದ್ದ, ಈಗ ಹೊಸದಾಗಿ ಮೂಲವೇ ಸಿಕ್ಕ ಹಾಳೆಯನ್ನಿಟ್ಟು ನೋಡಿದಾಗ ಪ್ರೊಫೆಸರಮ್ಮನ ಜೀವ ಬಾಯಿಗೆ ಬಂತು. ಮೇಲಿನದರಲ್ಲಿ ಹುಳು ಕೊರೆದ ತೂತಿತ್ತು, ಕೆಳಗಿನದರಲ್ಲಿ ಇರಲಿಲ್ಲ. ಎರಡೂ ಒಂದೇ ಹಸ್ತಪ್ರತಿಯ ಅಕ್ಕಪಕ್ಕದ ಹಾಳೆಗಳೆಂದು ವಾದಿಸಿಯೇ ಆಕೆ ಪ್ರೊಫೆಸರಾದದ್ದು. ಆ ವಾದ ಕಾಲೇಜಿನ ಗೋಡೆಗಳಿಗೂ ಬಾಯಿಪಾಠವಾಗಿತ್ತು. ಒಂದೇ ಪುಸ್ತಕವಾಗಿದ್ದರೆ ಹುಳು ಎರಡನ್ನೂ ಕೊರೆದಿರಬೇಕಿತ್ತು.

ಹೊರಗಿನಿಂದ ಗ್ರಂಥಪಾಲಕ ಕೂಗಿದ. "ಏನ್ ಮೇಡಂ, ಜೋಡಿ ಕೂಡ್ತಾ? ಚಪ್ಪಾಳೆ ಹೊಡಿಯೋಕೆ ಎಲ್ರಿಗೂ ಕೈ ತುರಿಸ್ತಿದೆ!"

ಆಕೆ ತುರುಬಿನ ಪಿನ್ನು ಕಿತ್ತಳು. ಒಂದೇ ಒಂದು ಚುಚ್ಚು ಚುಚ್ಚಿದ್ದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಮೊನೆ ಹಾಳೆಗೆ ತಾಗುತ್ತಿದ್ದಂತೆ ಕೆಂಡ ಮುಟ್ಟಿದ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

ಪಿನ್ನನ್ನು ತಿರುಗಿ ತುರುಬಿಗೆ ಸಿಕ್ಕಿಸಿ ಬಾಗಿಲು ತೆರೆದಳು.

"ಇಲ್ಲ ಕಣಪ್ಪ. ಆ ಹುಳ ಈ ಹಾಳೆ ಮುಟ್ಟೇ ಇಲ್ಲ. ಅದು ತಿಂದಿದ್ದು ನನ್ನ ಆಯಸ್ಸನ್ನ."