ನಾಲ್ಕನೇ ಹೆಸರು

ಆ ಫೋನು ಆ ಹೆಂಗಸಿನದಲ್ಲ ಎಂಬುದು ಜಂಬುನಾಥನಿಗೆ ನೋಡಿದ ಕೂಡಲೇ ಗೊತ್ತಾಯಿತು.

ನೇರಳೆ ಬಣ್ಣದ ಕವರು. ಹಿಂಬದಿಯಲ್ಲಿ ಅಂಟಿಸಿದ ಬೆಳ್ಳಿ ನಕ್ಷತ್ರಗಳು; ಎರಡು ಉದುರಿದ್ದವು. ಅದನ್ನು ಗಾಜಿನ ಮೇಲಿಟ್ಟ ಕೈಗಳು ಮಾತ್ರ ಪಾತ್ರೆ ತಿಕ್ಕಿ ತಿಕ್ಕಿ ಬಿರಿದ ಕೈಗಳು. ವಯಸ್ಸು ಐವತ್ತರ ಹತ್ತಿರ. ಹೆಗಲಿನಲ್ಲಿ ಕುರೆಕುಪ್ಪದ ಯಾವುದೋ ಕ್ಯಾಂಟೀನಿನ ಹೆಸರಿದ್ದ ಚೀಲ.

"ಬ್ಲೂಟೂತ್ ಹತ್ತವಲ್ದು," ಎಂದಳು. ಚೀಲದಿಂದ ಕಪ್ಪು ನೆಕ್‌ಬ್ಯಾಂಡ್ ತೆಗೆದು ಪಕ್ಕಕ್ಕಿಟ್ಟಳು. "ಈ ಕೊಳ್ಳಾಗ ಹಾಕ್ಕೊಳ್ಳೋದು ಫೋನಿಗೆ ಕೂಡವಲ್ದು."

ಜಂಬುನಾಥ ಫೋನು ಮುಟ್ಟಲಿಲ್ಲ. ಟಿ.ಬಿ. ಡ್ಯಾಂ ರಸ್ತೆಯಲ್ಲಿ ಅಂಗಡಿ ಹಾಕಿ ಹನ್ನೊಂದು ವರ್ಷವಾಗಿತ್ತು. ಇಂಥ ವಿಷಯದಲ್ಲಿ ಮೊದಲು ಮುಟ್ಟಿದವನೇ ಸಿಕ್ಕಿಬೀಳುತ್ತಾನೆ ಎಂಬುದನ್ನು ಅವನು ಬಲ್ಲ.

"ಯಾರ್ದಮ್ಮ ಇದು?"

"ನನ್ನ ಮಗಳ್ದು."

"ಮತ್ತ ಆಕೀನ ಬರಬೇಕಿತ್ತಲ್ಲ?"

"ಆಕಿ ಬರಂಗಿಲ್ಲ."

"ಲಾಕ್ ಯಾರು ತೆಗೆದ್ರು?"

"ಸ್ಟೇಷನ್ ಕಡೆ ತೆಗೆದು ಕೊಟ್ರು."

ರೈಲ್ವೆ ಸ್ಟೇಷನ್ ಕಡೆ ಲಾಕ್ ತೆಗೆಯುವವರು ಇದ್ದರು. ಜಂಬುನಾಥ ಅವಳ ಮುಖವನ್ನೇ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಆಕಿ ಇಲ್ರೀ. ಆರು ತಿಂಗಳಾತು. ಕೆನಾಲ್‌ನಾಗ ಸಿಕ್ಕಳು. ಕಾಲು ಜಾರಿ ಬಿದ್ದಾಳ ಅಂತ ಬರಕೊಂಡ್ರು. ದಂಡಿ ಮ್ಯಾಲ ಈ ಫೋನು ಬಿದ್ದಿತ್ತಂತ. ಈಗ ವಾಪಸ್ ಕೊಟ್ಟಾರ."

ಹೆಸರು ದ್ಯಾಮಕ್ಕ, ವಡ್ಡು ಊರಿನವಳು. ಮಗಳು ಪೂಜಿತಾ ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಇಷ್ಟನ್ನೂ ದ್ಯಾಮಕ್ಕ ಒಂದೇ ದನಿಯಲ್ಲಿ, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು.

ಜಂಬುನಾಥ ತಲೆ ತಗ್ಗಿಸಿದ. ಸ್ಟೂಲು ಎಳೆದು ಕೊಟ್ಟ. "ಕುಂದ್ರಿ ಅವ್ವ." ತಾನೇ ಎದ್ದು ನೀರು ತಂದಿಟ್ಟ.

"ಇದರಾಗ ಆಕಿ ಹಾಡಿದ್ದು ಐತಿ," ಎಂದಳು ದ್ಯಾಮಕ್ಕ. "ಆಕಿ ಕೊಳ್ಳಾಗ ಹಾಕ್ಕೊತಿದ್ದ ಇದರಾಗನ ಕೇಳಬೇಕು. ಅಷ್ಟು ಮಾಡಿಕೊಡ್ರಿ."

ಈಗ ಅವನು ಫೋನು ಎತ್ತಿಕೊಂಡ. ಬ್ಲೂಟೂತ್ ಆರಿಸಿ ಮತ್ತೆ ಹಚ್ಚಿದ. ಫೋನನ್ನೇ ಒಮ್ಮೆ ಬಂದ್ ಮಾಡಿ ಎಬ್ಬಿಸಿದ. ಕೂಡಲಿಲ್ಲ. ನೆಕ್‌ಬ್ಯಾಂಡಿನ ನೀಲಿ ದೀಪ ಮಿಟುಕದೆ ಒಂದೇ ಸಮ ಉರಿಯುತ್ತಿತ್ತು.

"ಇದು ಬ್ಯಾರೆ ಯಾವುದೋ ಫೋನಿಗೆ ಅಂಟಿಕೊಂಡೈತಿ. ಅದು ಬಿಡೂ ತನಕ ಇದಕ್ಕ ಹತ್ತಂಗಿಲ್ಲ. ನಿಮ್ಮ ಹತ್ರ ಇನ್ನೊಂದು ಫೋನ್ ಐತೇನು?"

"ನಂದು ಬಟನ್ ಫೋನು. ಅದಕ್ಕ ಇವೆಲ್ಲ ಇಲ್ಲ."

ಬಜಾರಿನಲ್ಲಿ ಸುತ್ತಲೂ ನೂರು ಫೋನುಗಳು. ಜಂಬುನಾಥ ಮತ್ತೆ ಕೇಳಲಿಲ್ಲ. ಈ ಫೋನಿಗೆ ಹಿಂದೆ ಕೂಡಿಸಿದ್ದ ಸಾಧನಗಳ ಪಟ್ಟಿ ತೆರೆದ. ನಾಲ್ಕು ಹೆಸರಿದ್ದವು. ನೆಕ್‌ಬ್ಯಾಂಡು. ಮನೆಯ ಸ್ಪೀಕರು. ಚಂದ್ರಕಲಾ ಎಂಬ ಹೆಸರಿನ ಫೋನು. ಕೊನೆಯದು 'ಬ್ಲ್ಯಾಕ್ ಹಾರ್ಸ್'.

ಅವನು ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡ.

"ಆ ಕಡೀದು ಏನ್ರೀ?" ದ್ಯಾಮಕ್ಕ ಗಾಜಿನ ಮೇಲೆ ಬಾಗಿದ್ದಳು.

"ಅದೇನಲ್ಲ. ಹಳೇ ಕಸ."

"ಕಸನ?"

"ಹ್ಞೂಂ. ಇಂಥವು ಕುಂತ್ರೆ ಬ್ಯಾರೇದು ಹತ್ತಂಗಿಲ್ಲ."

"ಆಕಿ ಹಾಡು ಹೋಗಂಗಿಲ್ಲಲ್ಲ?"

"ಹಾಡಿಗೇನೂ ಆಗಂಗಿಲ್ಲ ಅವ್ವ. ನಾ ಅದೀನಲ್ಲ."

ಬೆರಳು ಒಮ್ಮೆ ಆಡಿತು. ಕೊನೆಯ ಸಾಲು ಹೋಯಿತು. ನಂತರ ನೆಕ್‌ಬ್ಯಾಂಡಿನ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿದ. ಕೆಂಪು, ನೀಲಿ, ಕೆಂಪು. ಫೋನು ಕೂಡಿಕೊಂಡಿತು.

ತಾನೇ ಅದನ್ನು ಅವಳ ಕೊರಳಿಗೆ ಹಾಕಿ ಹಾಡು ಹಚ್ಚಿದ. ಅವಳು ಕಿವಿಗೆ ಸಿಕ್ಕಿಸಿಕೊಂಡಳು. ಮಗಳ ದನಿ ಅವಳೊಬ್ಬಳಿಗೇ ಕೇಳಿಸಿತು. ಅಳುತ್ತಾಳೆ ಎಂದು ಜಂಬುನಾಥ ಕಾದ. ಅವಳು ಅಳಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ಅವನೇ ರಸ್ತೆಯ ಕಡೆ ತಿರುಗಿದ.

"ಈ ಫೋನು ಮನ್ಯಾಗ ಇಟ್ಕೋಬ್ಯಾಡ್ರಿ," ಎಂದ, ಅವಳು ಕಿವಿಯಿಂದ ತೆಗೆದ ಮೇಲೆ. "ನೋಡಿದಾಗೊಮ್ಮೆ ಸಂಕಟ. ಹಾಡು ನಿಮಗ ಬ್ಯಾರೆ ಕಡೆ ಹಾಕ್ಕೊಡ್ತೀನಿ. ಇದನ್ನ ನನಗ ಕೊಟ್ಟುಬಿಡ್ರಿ."

"ನೋಡೋಣ್ರಿ. ನಿಮಗ ಎಷ್ಟು ಕೊಡಬೇಕು?"

"ಏನೂ ಬ್ಯಾಡ. ಮಗಳ್ನ ಕಳಕೊಂಡಾಕಿ ಹತ್ರ ರೊಕ್ಕ ತಗೋತಾರೇನು."

ದ್ಯಾಮಕ್ಕ ಕೈ ಮುಗಿದು ಇಳಿದಳು. ರಸ್ತೆ ದಾಟಿದಳು. ಎದುರಿನ ಮಂಡಕ್ಕಿ ಅಂಗಡಿಯ ಬೆಂಚಿನ ಮೇಲೆ ಸಾದಾ ಸೀರೆಯುಟ್ಟ ಹೆಂಗಸೊಬ್ಬಳು ಕುಳಿತಿದ್ದಳು. ಹೆಡ್ ಕಾನ್‌ಸ್ಟೆಬಲ್ ಅಕ್ಕನಾಗಮ್ಮ. ಠಾಣೆಯಲ್ಲಿ ಆ ಕೇಸು ಮುಚ್ಚುವುದು ಬೇಡ ಎಂದವಳು ಅವಳೊಬ್ಬಳೇ. ನೆಕ್‌ಬ್ಯಾಂಡನ್ನು ಇಷ್ಟು ಹೊತ್ತು ತನ್ನ ಫೋನಿಗೆ ಕೂಡಿಸಿ ಹಿಡಿದಿಟ್ಟವಳೂ ಅವಳೇ. ಪೂಜಿತಾಳ ಫೋನಿನಲ್ಲಿದ್ದದ್ದರ ನಕಲು ಅವಳ ಕಡತದಲ್ಲಿ ಮೊದಲೇ ಭದ್ರವಾಗಿತ್ತು. ಫೋನು ರಿಪೇರಿ ಮಾಡುವವರೊಬ್ಬರು ಸಂಜೆ ಕಾರಿನಲ್ಲಿ ಬಿಡುತ್ತಾರೆ ಎಂದು ಮಗಳು ಒಮ್ಮೆ ಅವ್ವನ ಹತ್ತಿರ ಅಂದಿದ್ದಳು. ಯಾರು ಎಂದು ಮಾತ್ರ ಹೇಳಿರಲಿಲ್ಲ.

ಅಕ್ಕನಾಗಮ್ಮ ಫೋನು ಇಸಕೊಂಡು ಪಟ್ಟಿ ತೆರೆದಳು. ಮೂರೇ ಹೆಸರಿದ್ದವು. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತಳು.

"ಒಂಬತ್ತು ಅಂಗಡಿ ಆದ್ವು ಮೇಡಂ," ಎಂದಳು ದ್ಯಾಮಕ್ಕ. "ಎಂಟು ಮಂದಿ ಆ ಕಡೀ ಹೆಸರು, ಅದರ ಬಾಜೂದ ಗುರುತು ನೋಡಿದ ಕೂಡ್ಲೆ, ಇದು ಯಾರ್ದೋ ಕಾರಿಂದವ್ವ ಅಂದ್ರು. ಅಳಿಸಿದಾಂವ ಇವನೊಬ್ಬನ."