ಟೇಪಿಗೆ ಸಿಗದ ಅಳತೆ

ಟೈಲರ್ ತನ್ನ ಸೊಂಟಕ್ಕೇ ಟೇಪು ಸುತ್ತಿಕೊಂಡು ಹೆಂಡತಿಯ ಮುಂದೆ ಎದೆಯುಬ್ಬಿಸಿ ನಿಂತ. "ನೋಡೇ, ಮದುವೆ ದಿನ ಎಷ್ಟಿತ್ತೋ ಇವತ್ತೂ ಅಷ್ಟೇ. ಕೊಲೆಸ್ಟ್ರಾಲ್ ಅಂತೆ ಕೊಲೆಸ್ಟ್ರಾಲು. ಅದೆಲ್ಲ ನಿನ್ನ ತಮ್ಮನಂಥ ಡೊಳ್ಳುಹೊಟ್ಟೆಯವರಿಗೆ. ಒಟ್ಟಿಗೆ ಪರೀಕ್ಷೆಗೆ ಕೊಟ್ವಲ್ಲ, ಲ್ಯಾಬಿನವರು ನಮ್ಮಿಬ್ಬರ ರಕ್ತ ಅದಲುಬದಲು ಮಾಡಿದಾರೆ."

"ಮತ್ತೆ ಪರೀಕ್ಷೆ ಮಾಡಿಸಿದರೂ ಅದೇ ಬಂತಲ್ಲ. ಅವನದು ಸರಿಯಾಗಿದೆ, ಜಾಸ್ತಿ ಇರೋದು ನಿಮ್ಮದೇ. ಸಣ್ಣಗಿದ್ದೋರಿಗೂ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತೆ, ಹೃದಯಕ್ಕೆ ಪೆಟ್ಟು ಬೀಳೋವರೆಗೂ ಗೊತ್ತೇ ಆಗಲ್ಲ ಅಂತ ಡಾಕ್ಟರು ಬಿಡಿಸಿ ಹೇಳಲಿಲ್ವಾ?" ಮಾತ್ರೆ ಹಿಡಿದ ಅವಳ ಕೈ ಚಾಚಿಯೇ ಇತ್ತು.

"ಒಂದು ನೋವಿಲ್ಲ, ಸುಸ್ತಿಲ್ಲ. ನನ್ನ ನೋಡಿದರೆ ಗೊತ್ತಾಗಲ್ವೇನೇ?"

ಬೇರೆಲ್ಲೋ ಹೊಲಿಸಿ ರಿಪೇರಿಗೆಂದು ಬಂದಿದ್ದ ಕೋಟೊಂದು ಮೊಳೆಯಲ್ಲಿ ನೇತಾಡುತ್ತಿತ್ತು. ಅವಳು ಅದನ್ನು ತಂದು ಅವನ ಕೈಗಿಟ್ಟಳು. "ಇದರ ಕೆಲಸ ಹೇಗಿದೆ, ಹೇಳಿ."

ಎಂಥ ಬಟ್ಟೆ ಕೈಗೆ ಬಂದರೂ ಇಷ್ಟು ವರ್ಷ ಮಾಡಿದ್ದನ್ನೇ ಟೈಲರ್ ಈಗಲೂ ಮಾಡಿದ. ಹೊರಗಿನ ಗರಿಗರಿ ಇಸ್ತ್ರಿಯತ್ತ ಕಣ್ಣೂ ಹಾಯಿಸದೆ, ಕೋಟನ್ನು ಸರಕ್ಕನೆ ಉಲ್ಟಾ ಮಾಡಿ ಒಳಗಿನ ಹೊಲಿಗೆಗೆ ಕಣ್ಣಿಟ್ಟ. ಹೇಳಲು ತಲೆಯೆತ್ತಿದರೆ, ಹೆಂಡತಿ ಮುಗುಳ್ನಗುತ್ತಿದ್ದಳು.

ಕೋಟನ್ನು ಮತ್ತೆ ಮೊಳೆಗೆ ಹಾಕಿ, ಸೊಂಟದ ಟೇಪು ಬಿಚ್ಚಿ, "ನೀರು ಕೊಡು" ಎಂದ.