ಬೆನ್ನಿನ ಮೇಲಿನ ಹೆಸರು

"ಹೇಳು ಟೆಮ್ಯೊಂಗ್, ಯಾರ ಹೆಸರು ಬಿಚ್ಚಲಿ?" ದರ್ಜಿ ಲಿಗಾಯಕ್ಕ ಊರಿನ ತಂಡದ ಜೆರ್ಸಿಗಳನ್ನು ಬೆನ್ನು ಮೇಲಾಗಿ ಮೇಜಿನ ತುಂಬ ಹರಡಿ, ಕತ್ತರಿಯನ್ನು ಅವನ ಕೈಗೇ ಕೊಟ್ಟಳು. ಭಾನುವಾರ ನಡೆಯುವ ಹಬ್ಬದ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಮನಿಲಾದಿಂದ ಹೆಸರಾಂತ ಆಟಗಾರನನ್ನು ಕರೆಸಲು ಊರಿನ ಮುಖಂಡನನ್ನು ಒಪ್ಪಿಸಿ ಬಂದವನು ಅವನೇ. ತಂಡಕ್ಕೆ ಹನ್ನೆರಡೇ ಮಂದಿ. ಹೊಸಬ ಬಂದರೆ ಊರಿನ ಒಬ್ಬ ಹೊರಗೆ.

"ಅವನೊಬ್ಬ ಬಂದ್ರೆ ಸಾಕಕ್ಕ, ಕಪ್ ನಮ್ದೇ. ನಮ್ಮೋರೆಲ್ಲ ಸೇರಿದ್ರೂ ಅವನ ಕಾಲ್ಧೂಳಿಗೂ ಸಮ ಇಲ್ಲ."

"ಅವನ ಕಾಲು ಉಳುಕಿದ್ರೆ? ಆ ಹೊಟ್ಟೆ ಹೊತ್ಕೊಂಡು ನೀನು ಇಳೀತೀಯೇನೋ?"

ಟೆಮ್ಯೊಂಗ್ ನಗುತ್ತಲೇ, ಸದಾ ಬೆಂಚಿನಲ್ಲಿ ಕೂರುವ ಪೋಲ್ಡೋನ ಜೆರ್ಸಿಗೆ ಕತ್ತರಿ ಇಟ್ಟ. ಮೊದಲ ಅಕ್ಷರದ ದಾರ ತುಂಡಾಯಿತು. ಕೈ ಅಲ್ಲೇ ನಿಂತಿತು. ಹೋದ ಹಬ್ಬದಲ್ಲಿ ಒಳ್ಳೆಯ ಆಟಗಾರರು ಸುಸ್ತಾಗಿ ಕುಸಿದಾಗ, ಚಪ್ಪಲಿಯಲ್ಲೇ ಅಂಕಣಕ್ಕಿಳಿದು ಕೊನೆಯವರೆಗೂ ಓಡಿದವನು ಈ ಪೋಲ್ಡೋ. ಅವತ್ತು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರು ಸುತ್ತಿದವನು ಟೆಮ್ಯೊಂಗ್.

ಅವನು ಕತ್ತರಿಯನ್ನು ಕೆಳಗಿಟ್ಟ. ಸೂಜಿಯನ್ನು ಬೆಳಕಿಗೆ ಹಿಡಿದು, ತಾನೇ ದಾರ ಪೋಣಿಸಿ ಅವಳತ್ತ ಚಾಚಿದ.

"ಈ ಅಕ್ಷರಾನ ಗಟ್ಟಿಯಾಗಿ ಹೊಲಿಯಕ್ಕ. ಮನಿಲಾದವನು ಬೇಡ ಅಂತ ಮುಖಂಡನಿಗೆ ನಾನೇ ಹೇಳ್ತೀನಿ. ಭಾನುವಾರ ಇವನು ಓಡಬೇಕು."